ಸ್ಟೇಜ್ 1 ರೀಮ್ಯಾಪ್: 41,000 ಕಿ.ಮೀ. ಓಡಿಸಿದ ಮೇಲೆ, ಮಿಸ್‌ಫೈರ್ ಕಥೆ ಸಮೇತ

ಗಾಡಿ: 1.0 ಲೀಟರ್, ಮೂರು ಸಿಲಿಂಡರ್‌ನ ಟರ್ಬೋ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಸ್ಟೇಜ್ 1 ರೀಮ್ಯಾಪ್ ಅಂದರೆ ಬಿಡಿಭಾಗ ಬದಲಿಸದೆ, ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ (ಮ್ಯಾಪ್) ಬದಲಿಸಿ ಪವರ್ ಏರಿಸುವುದು. ಮಿಸ್‌ಫೈರ್ ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ಹೋಗುವುದು. ಕಾರಿನ ಹೆಸರು, ರೀಮ್ಯಾಪ್ ಮಾಡಿಕೊಟ್ಟವರ ಹೆಸರು ಎರಡನ್ನೂ ಬೇಕೆಂದೇ ಬರೆದಿಲ್ಲ. ನನಗೆ ಆದದ್ದು ಬೂಸ್ಟ್ (ಟರ್ಬೋ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸಿದ ಯಾವ ಟರ್ಬೋ ಪೆಟ್ರೋಲ್ ಗಾಡಿಗೂ ಆಗಬಹುದಾದದ್ದು.

ಓಡೋಮೀಟರ್ 34,000 ಇದ್ದಾಗ ರೀಮ್ಯಾಪ್ ಮಾಡಿಸಿದೆ. ಈಗ 75,000. ಮೊದಲಿದ್ದ ಮ್ಯಾಪ್‌ನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಫೋನಿನ ಆ್ಯಪ್ ಇನ್‌ಟೇಕ್ ಪ್ರೆಶರ್ ಹೆಚ್ಚೆಂದರೆ 1.9 ಬಾರ್ ತೋರಿಸುತ್ತಿತ್ತು, ಈಗ 2.2 ತೋರಿಸುತ್ತದೆ. ಇದು ಹೊರಗಿನ ಗಾಳಿಯ ಒತ್ತಡವೂ ಸೇರಿದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಅದೇ 2.2 ಮುಟ್ಟಲು ಮಂಗಳೂರಿಗಿಂತ ಇಲ್ಲಿ ಟರ್ಬೋ ಹೆಚ್ಚು ದುಡಿಯಬೇಕು. ಹಾಗಾಗಿ ಕರಾವಳಿಯ ಗೆಳೆಯರ ಬೂಸ್ಟ್ ಗೇಜಿನ ಅಂಕಿಗೆ ನಿಮ್ಮದನ್ನು ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ಓಡಿಸುವ ಖುಷಿಯ ಬಗ್ಗೆ ಎರಡು ಮಾತಿಲ್ಲ. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಮೊದಲು ಗೇರ್ ಇಳಿಸಬೇಕಿತ್ತು, ಈಗ ನಾಲ್ಕನೇ ಗೇರಿನಲ್ಲೇ ಎಳೆಯುತ್ತದೆ. ನಿಧಾನಕ್ಕೆ ಓಡಿಸಿದರೆ ಮೈಲೇಜ್ ಮೊದಲಿನಷ್ಟೇ. ಐದು ತಿಂಗಳು ಒಂದೇ ಒಂದು ತಕರಾರಿಲ್ಲದೆ ಓಡಿತು.

ಆಮೇಲೆ ಶಿರಾಡಿ ಘಾಟಿ. ಮಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಜಿಟಿಜಿಟಿ ಮಳೆ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನಿಂದ ಯಾರೋ ಹಗ್ಗ ಹಾಕಿ ಎಳೆದ ಹಾಗೆ ಗಾಡಿ ಜರ್ಕ್ ಹೊಡೆಯಿತು. ಒಂದು, ಎರಡು, ಮೂರು. ಚೆಕ್ ಎಂಜಿನ್ ಲೈಟ್ ಮಿಣಮಿಣ ಮಿನುಗತೊಡಗಿತು. ಹಿಂದೆ ಕೂತಿದ್ದ ಅಮ್ಮ ಮೇಲಿನ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, "ನಿಲ್ಸಪ್ಪಾ, ಏನೋ ಆಗಿದೆ" ಅಂದರು.

ಆ ಲೈಟ್ ಸುಮ್ಮನೆ ಉರಿಯುವುದಕ್ಕೂ ಮಿನುಗುವುದಕ್ಕೂ ಬಹಳ ವ್ಯತ್ಯಾಸವಿದೆ. ಮಿನುಗಿದರೆ ಮಿಸ್‌ಫೈರ್ ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಡಬಹುದು ಎಂದರ್ಥ. ತಕ್ಷಣ ಕಾಲು ಹಗುರ ಮಾಡಬೇಕು. ಅರ್ಧ ಥ್ರಾಟಲ್‌ನಲ್ಲಿ ಜರ್ಕ್ ಇರಲಿಲ್ಲ, ಹಾಗೇ ಮೆಲ್ಲಗೆ ಸಕಲೇಶಪುರ ಮುಟ್ಟಿದೆವು. ಅಲ್ಲಿನ ಮೆಕ್ಯಾನಿಕ್, "ಪೆಟ್ರೋಲಲ್ಲಿ ನೀರು ಸೇರಿರಬೇಕು ಸಾರ್" ಅಂದರು. ರೀಮ್ಯಾಪ್ ಮಾಡಿದವರಿಗೆ ಫೋನ್ ಮಾಡಿದರೆ, "ನಮ್ಮ ಮ್ಯಾಪಲ್ಲಿ ಪ್ರಾಬ್ಲಮ್ಮೇ ಇಲ್ಲ, 100 ಆಕ್ಟೇನ್ ಹಾಕಿ ನೋಡಿ" ಅಂದರು. ಗಾಡಿ ನೋಡದೆ, ಕೋಡ್ ಓದದೆ ಹಾಗೆ ಹೇಳಿದ್ದು ನನಗೆ ಇವತ್ತಿಗೂ ಬೇಸರ. ಆಕ್ಟೇನ್ ತಡೆಯುವುದು ನಾಕಿಂಗನ್ನು, ಅಂದರೆ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳುವುದನ್ನು. ಇಲ್ಲಿ ಹೊತ್ತಿಕೊಳ್ಳುತ್ತಲೇ ಇರಲಿಲ್ಲ.

ಮನೆಗೆ ಬಂದು, ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್‌ಗಳನ್ನು ಫೋನಿನಲ್ಲಿ ಓದಲು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಚುಚ್ಚಿದೆ. ಪಿ0300, ಪಿ0302. ಮೊದಲನೆಯದು ಯಾವುದೋ ಸಿಲಿಂಡರ್ ಬಿಟ್ಟು ಬಿಟ್ಟು ಮಿಸ್ ಆಗುತ್ತಿದೆ ಅಂತ, ಎರಡನೆಯದು ಎರಡನೇ ಸಿಲಿಂಡರ್ ಅಂತ. ಕೋಡ್ ನೋಡಿ ಅಲ್ಲಿಗೇ ಬಿಡಬೇಡಿ, ಅದರ ಜೊತೆ ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ಎಂಜಿನ್ ಅಂಕಿಗಳು) ಇರುತ್ತದೆ, ಅದನ್ನು ತೆರೆಯಿರಿ. ನನ್ನದರಲ್ಲಿ ಲೋಡ್ 96 ಪರ್ಸೆಂಟ್, 2,300 ಆರ್‌ಪಿಎಂ. ಐಡಲ್‌ನಲ್ಲಿ ಎಂಜಿನ್ ನಯವಾಗಿತ್ತು, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಅಳತೆಯಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ) ಸರಿ ಇತ್ತು. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ, ಕಂಪ್ರೆಷನ್ ಹೋಗಿದ್ದರೆ ಐಡಲ್‌ನಲ್ಲೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸಿಲಿಂಡರ್ ಒಳಗೆ ಒತ್ತಡ ಅತಿ ಹೆಚ್ಚಿರುವ ಹೊತ್ತಲ್ಲಿ ಮಾತ್ರ ಮಿಸ್ ಆದರೆ ಮೊದಲು ಕಿಡಿಯನ್ನೇ ಅನುಮಾನಿಸಬೇಕು.

ಕಾರಣ ಸರಳ. ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಿನ ಗಾಳಿಯನ್ನು ಸೀಳಿಕೊಂಡು ಹೋದರೆ ಕಿಡಿ. ಗಾಳಿ ದಟ್ಟವಾದಷ್ಟೂ, ಆ ಸಂದು ಅಗಲವಾದಷ್ಟೂ ಸೀಳಲು ವೋಲ್ಟೇಜ್ ಜಾಸ್ತಿ ಬೇಕು. ಜರ್ಮನಿಯ ಫ್ರೀಡ್ರಿಶ್ ಪಾಶೆನ್ ಇದನ್ನು 1889ರಲ್ಲೇ ಅಳೆದು ತೋರಿಸಿದ್ದ. ರೀಮ್ಯಾಪ್ ಬೂಸ್ಟ್ ಏರಿಸುತ್ತದೆ, ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬುತ್ತದೆ, ಆದರೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲಿನ ವೋಲ್ಟೇಜಿಗೆ ಒಂದು ಮಿತಿ ಇದೆ. ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ ಆ ಮಿತಿ ದಾಟಿಹೋಗುತ್ತದೆ.

ಆದರೂ ಅಂದಾಜಿನ ಮೇಲೆ ದುಡ್ಡು ಸುರಿಯುವುದು ಬೇಡ ಅನ್ನಿಸಿತು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿ ಒಂದನೇ, ಎರಡನೇ ಕಾಯಿಲ್ ಅದಲುಬದಲು ಮಾಡಿ ಏರಿಸಿದೆ. ಮತ್ತೆ ಪಿ0302. ಕೋಡ್ ಕಾಯಿಲ್ ಜೊತೆ ಹೋಗಲಿಲ್ಲ, ಅಂದರೆ ಕಾಯಿಲ್ ಚೆನ್ನಾಗಿದೆ. ಪ್ಲಗ್ ಅಲ್ಲೇ ಬಿಚ್ಚಲಿಲ್ಲ, ಬಿಸಿ ಅಲ್ಯುಮಿನಿಯಂ ಹೆಡ್‌ನಿಂದ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಮರುದಿನ ಎಂಜಿನ್ ತಣ್ಣಗಿದ್ದಾಗ ಎರಡನೇ, ಮೂರನೇ ಪ್ಲಗ್ ಅದಲುಬದಲು ಮಾಡಿದೆ. ಸಂಜೆ ನೈಸ್ ರಸ್ತೆಯ ಏರಿನಲ್ಲಿ ಪಿ0303 ಬಂತು. ಕಳ್ಳ ಸಿಕ್ಕಿಬಿದ್ದ.

ಆ ಪ್ಲಗ್ ಅಂಗೈ ಮೇಲಿಟ್ಟು ನೋಡಿದೆ. ಬಿಳಿ ಪಿಂಗಾಣಿಯ ಮೇಲಿಂದ ಕೆಳಗಿನವರೆಗೆ ಪೆನ್ಸಿಲ್ ಗೀಟಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ. ಬಟ್ಟೆಗೂ ಹೋಗಲಿಲ್ಲ, ಉಗುರಿಗೂ ಹೋಗಲಿಲ್ಲ. ಗ್ಯಾಪ್ ದಾಟಲಾಗದ ಕರೆಂಟು ಪಿಂಗಾಣಿಯ ಹೊರಮೈ ಮೇಲೆ ಹರಿದು ಪ್ಲಗ್ಗಿನ ಲೋಹ ಮುಟ್ಟಿದ ದಾರಿ ಅದು. ಗ್ಯಾಪ್ ಅಳೆದರೆ 0.95 ಮಿ.ಮೀ. ಇರಬೇಕಾದದ್ದು 0.8. ರೀಮ್ಯಾಪ್ ಮಾಡುವಾಗ ಇದ್ದದ್ದು ಶೋರೂಮಿನಿಂದ ಬಂದ ಅದೇ ನಿಕಲ್ ಪ್ಲಗ್ಗುಗಳು. ಅವು ಎಷ್ಟು ಓಡಿವೆ ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಾಯಿಲಿನ ರಬ್ಬರ್ ಬೂಟ್ ಒಳಗೂ ಗೆರೆ ಶುರುವಾಗಿತ್ತು, ಅದನ್ನೂ ಬದಲಿಸಿದೆ. ಹಳೆ ಬೂಟ್ ಹಾಗೇ ಬಿಟ್ಟರೆ ಹೊಸ ಪ್ಲಗ್ ಮೇಲೂ ಅದೇ ದಾರಿ ಮೂಡುತ್ತದೆ.

ಹೊಸ ಇರಿಡಿಯಂ ಪ್ಲಗ್ 0.65ಕ್ಕೆ ಹೊಂದಿಸಿದೆ. ಇರಿಡಿಯಂನ ನಡುವಿನ ಸೂಜಿಮೊನೆ ಬಹಳ ನಾಜೂಕು, ನಾಣ್ಯದಂಥ ದುಂಡು ಗೇಜ್ ತುರುಕಿ ಅಗಲಿಸಿದರೆ ಮುರಿಯುತ್ತದೆ. ತಂತಿಯ ಗೇಜ್ ತಗೊಂಡು, ಮೇಲಿನ ಬಾಗಿದ ಪಟ್ಟಿಯನ್ನಷ್ಟೇ ಮೆಲ್ಲಗೆ ಒತ್ತಬೇಕು. ಮತ್ತೆ ಅದೇ ಏರು, ಅದೇ ಗೇರು, ಫುಲ್ ಥ್ರಾಟಲ್. ಒಂದು ಜರ್ಕ್ ಇಲ್ಲ. ಆವತ್ತಿನ ಸಮಾಧಾನ ಹೇಳಲು ಮಾತಿಲ್ಲ.

ಅವಸರದಲ್ಲಿ ಒಂದು ತಪ್ಪನ್ನೂ ಮಾಡಿದ್ದೆ. ಪವರ್ ಜಾಸ್ತಿಯಾಗಿದೆ ಎಂದು ಒಂದು ಹಂತ 'ಕೋಲ್ಡ್' ಪ್ಲಗ್ (ಬಿಸಿಯನ್ನು ಬೇಗ ಹೊರಗೆ ಬಿಟ್ಟು ತಣ್ಣಗಿರುವಂಥದ್ದು) ಹಾಕಿದ್ದೆ. ನನ್ನ ದಿನದ ಓಡಾಟ ಸಿಟಿ ಟ್ರಾಫಿಕ್‌ನಲ್ಲಿ ನಾಲ್ಕೈದು ಕಿಲೋಮೀಟರ್. ಪ್ಲಗ್ ತನ್ನ ಮೇಲಿನ ಮಸಿ ತಾನೇ ಸುಟ್ಟುಕೊಳ್ಳುವಷ್ಟು ಬಿಸಿಯಾಗಲೇ ಇಲ್ಲ. ವರ್ಷದೊಳಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಐಡಲ್ ಮಿಸ್ಸಿಂಗ್ ಹೊಡೆಯತೊಡಗಿತು, ಬಿಚ್ಚಿದರೆ ಮೂರೂ ಒಣ ಮಸಿ ಹಿಡಿದಿದ್ದವು. ಕಂಪನಿ ಹೇಳಿದ ಹೀಟ್ ರೇಂಜಿಗೇ ವಾಪಸ್ ಬಂದೆ. ಸ್ಟೇಜ್ 1ಕ್ಕೆ, ಸಿಟಿಯಲ್ಲಿ ಓಡಿಸುವವರಿಗೆ, ಕೋಲ್ಡ್ ಪ್ಲಗ್ ಬೇಕಿಲ್ಲ ಎಂಬುದು ನನ್ನ ಅನುಭವ. ಬದಲಿಸುವವರು ನಂಬರ್ ನೋಡಿ ತಗೊಳ್ಳಿ: ಎನ್‌ಜಿಕೆ, ಡೆನ್ಸೋದಲ್ಲಿ ಹೀಟ್ ನಂಬರ್ ಏರಿದರೆ ಪ್ಲಗ್ ಕೋಲ್ಡ್, ಬಾಷ್‌ನಲ್ಲಿ ಏರಿದರೆ ಹಾಟ್.

60,000 ದಾಟಿದ ಮೇಲೆ ಒಮ್ಮೆ ಇಂಟರ್‌ಕೂಲರ್ (ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಆಗ ಬಂದದ್ದು ಪಿ0299, ಬೂಸ್ಟ್ ಸಾಲದು ಅಂತ. ಬುಸ್ ಅನ್ನುವ ಸದ್ದು, ಪಿಕಪ್ ಇಲ್ಲ, ಜರ್ಕ್ ಇಲ್ಲ. ಬಿಗಿದರೆ ಮುಗಿಯಿತು.

ರೀಮ್ಯಾಪ್ ಮಾಡಿದವರ ಹತ್ತಿರ ಮತ್ತೆ ಹೋಗಿ, ಲಾಗ್ ತೋರಿಸಿ, 2,000 ಆರ್‌ಪಿಎಂ ಒಳಗೆ ಬೂಸ್ಟ್ ಏರುವುದನ್ನು ನಿಧಾನ ಮಾಡಿಸಿಕೊಂಡೆ. ಈ ಸಲ ಅವರು ಕೂತು ಕೇಳಿದರು, ದುಡ್ಡೂ ತಗೊಳ್ಳಲಿಲ್ಲ. ಡೈರೆಕ್ಟ್ ಇಂಜೆಕ್ಷನ್ ಇರುವ ಚಿಕ್ಕ ಟರ್ಬೋ ಎಂಜಿನ್‌ಗಳಿಗೆ ಕಡಿಮೆ ಆರ್‌ಪಿಎಂನಲ್ಲಿ ಭಾರಿ ಬೂಸ್ಟ್ ಕೊಟ್ಟರೆ ಕಿಡಿಗೂ ಮುಂಚೆ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವೂ ಇದೆ. ಆ ಕಾರಣಕ್ಕೇ ಆಯಿಲ್ ಎಪಿಐ ಎಸ್‌ಪಿ ದರ್ಜೆಯದ್ದೇ ಹಾಕಿಸುತ್ತೇನೆ, ಮ್ಯಾಪ್ ಬರೆದದ್ದು 95 ಆಕ್ಟೇನ್‌ಗಾದ್ದರಿಂದ ಪೆಟ್ರೋಲೂ ಅದೇ.

ಮಾಡಿಸಬೇಕೆಂದಿರುವವರು ವಾರಂಟಿ ಹೋಗಬಹುದು ಅನ್ನುವುದನ್ನು ತಿಳಿದೇ ಮಾಡಿಸಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಪ್ಲಗ್ ಎಷ್ಟು ಓಡಿದೆ ಎಂದು ಕೇಳದೆಯೇ ಲ್ಯಾಪ್‌ಟಾಪ್ ತೆಗೆಯುವವರ ಹತ್ತಿರ ಮಾಡಿಸಬೇಡಿ. ಸರ್ವಿಸ್ ಬುಕ್ ಪ್ಲಗ್ಗಿಗೆ 60,000 ಅನ್ನುತ್ತದೆ, ನಾನು 20,000ಕ್ಕೊಮ್ಮೆ ಬಿಚ್ಚಿ ಗ್ಯಾಪ್ ಅಳೆಯುತ್ತೇನೆ. ಮುಂದಿನ ತಿಂಗಳು ಮತ್ತೆ ಶಿರಾಡಿ ಮೇಲೆ ಊರಿಗೆ ಹೋಗುವುದಿದೆ, ಅದಕ್ಕೆ ಮುಂಚೆ ಒಂದು ಭಾನುವಾರ ಅಳೆಯಬೇಕು.