ಬಾಡಿಗೆ ಆಕ್ಸಿಜನ್ ಮಷಿನ್: ಕೂಸಿಗೆ ಅಂತ ಬಿಡಿಸಿ ಹೇಳಿ

ಮಗಳ ಕೂಸು 30ನೇ ವಾರಕ್ಕೇ ಹುಟ್ಟಿದ್ದು. ಮನೆಗೆ ಹೋದ ಮೇಲೂ ಕೆಲವು ವಾರ ನಿಮಿಷಕ್ಕೆ ಕಾಲು ಲೀಟರ್ ಆಕ್ಸಿಜನ್ ಬೇಕು ಅಂದರು ಡಾಕ್ಟರ್. ದಾವಣಗೆರೆಯ ಒಂದು ಬಾಡಿಗೆ ಅಂಗಡಿಗೆ ಫೋನ್ ಮಾಡಿದೆವು. 5 ಲೀಟರಿನ ಕಾನ್ಸಂಟ್ರೇಟರ್ (ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಮಷಿನ್), ತಿಂಗಳಿಗೆ 4,000, ಡಿಪಾಜಿಟ್ 10,000. ಎರಡೇ ಗಂಟೆಯಲ್ಲಿ ತಂದಿಟ್ಟರು. ಅದಕ್ಕೆ ಪೂರ್ತಿ ಅಂಕ.

ಆದರೆ ಆಕ್ಸಿಜನ್ ಎಷ್ಟು ಹೋಗುತ್ತೆ ಅಂತ ತೋರಿಸುವ ಮೀಟರಿನಲ್ಲಿ ಗುಂಡು ನಿಲ್ಲಬೇಕಾದ ಎಲ್ಲಕ್ಕಿಂತ ಕೆಳಗಿನ ಗೆರೆಯೇ ಅರ್ಧ ಲೀಟರ್! ‘ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ ಅಮ್ಮಾ, ನಡೆಯುತ್ತೆ’ ಅಂದ ಮಷಿನ್ ತಂದ ಹುಡುಗ. ನಡೆಯಲ್ಲ ಕಣಪ್ಪಾ. ದಿನ ತುಂಬದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳ ಇನ್ನೂ ಬೆಳೆಯುತ್ತಿರುತ್ತವೆ. ಆಕ್ಸಿಜನ್ ಜಾಸ್ತಿಯಾದರೆ ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಆರ್‌ಒಪಿ ಅಂತಾರೆ. 1940-50ರ ಹೊತ್ತಿನಲ್ಲಿ ಹೊರದೇಶಗಳಲ್ಲಿ ಸಾವಿರಾರು ಕೂಸುಗಳು ಹೀಗೇ ಕಣ್ಣು ಕಳಕೊಂಡವಂತೆ. ನಮ್ಮದಕ್ಕೆ ತಿಂಗಳು ತುಂಬಿದಾಗ ಕಣ್ಣಿನ ತಪಾಸಣೆ ಒಂದು ಸಲ ಆಗಿತ್ತು, ಇನ್ನೊಂದು ಸಲದ್ದು ಬಾಕಿ ಇತ್ತು. ಡಿಸ್ಚಾರ್ಜ್ ಒಂದು ದಿನ ಮುಂದಕ್ಕೆ ಹಾಕಿಸಿಕೊಂಡೆವು. ನಾನು ಮಾಲೀಕರ ಹತ್ತಿರ ಜೋರಾಗಿಯೇ ಮಾತಾಡಿದೆ. ಮರುದಿನ ಮಕ್ಕಳ ಸಣ್ಣ ಮೀಟರ್ ಬಂತು. ಅದು ಅವರ ಗೋಡೌನಿನಲ್ಲೇ ಇತ್ತಂತೆ!

ಮೂಗಿಗೆ ಹಾಕುವ ನಳಿಕೆಯೂ ದೊಡ್ಡವರದೇ ತಂದಿದ್ದರು, ಅದನ್ನೂ ಬದಲಿಸಿದೆವು. ಆಕ್ಸಿಜನ್ ತೇವ ಮಾಡುವ ನೀರಿನ ಬಾಟಲಿಗೆ ನಲ್ಲಿ ನೀರು ಸಾಕು ಅಂದಿದ್ದ ಅದೇ ಹುಡುಗ. ಡಾಕ್ಟರ್ ಕೇಳಿ ಬೈದರು, ಡಿಸ್ಟಿಲ್ಡ್ ವಾಟರ್ ತರಿಸಿದೆವು.

ಮೂಗು ಒಣಗಿ ಹಕ್ಕಳೆ ಕಟ್ಟಿದಾಗ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ‘ಬರೀ ಮೂಗು ಕಟ್ಟಿದರೆ ಹೆದರಬೇಡಿ. ಜ್ವರ ಬಂದು ಒಂದು ಕಣ್ಣಿನ ಸುತ್ತ ಕೆಂಪಗೆ ಊದಿದರೆ ಮಧ್ಯರಾತ್ರಿಯಾದರೂ ಬನ್ನಿ’ ಅಂದರು. ಮೂಗಿನ ಪಕ್ಕದ ಸೈನಸ್, ಅಂದರೆ ಮೂಳೆಯೊಳಗಿನ ಗಾಳಿಯ ಟೊಳ್ಳು, ಹುಟ್ಟುವಾಗಲೇ ಇರುತ್ತಂತೆ. ಅದಕ್ಕೂ ಕಣ್ಣಿಗೂ ನಡುವಿನ ಮೂಳೆ ಕಾಗದದಷ್ಟು ತೆಳು. ಅಪರೂಪಕ್ಕೆ ಸೋಂಕು ಅಲ್ಲಿಂದ ದಾಟುತ್ತೆ. ನನಗೋ, ಸೈನಸ್ ಅಂದರೆ ನಮ್ಮವರ ತಲೆನೋವು ಅಂತಷ್ಟೇ ಗೊತ್ತಿತ್ತು. ಪುಣ್ಯಕ್ಕೆ ಹಾಗೇನೂ ಆಗಲಿಲ್ಲ.

ಮಷಿನ್ ಮಾತ್ರ ಚೆನ್ನಾಗಿ ಓಡಿತು. ಬುಸ್ ಬುಸ್ ಅನ್ನುವ ಸದ್ದು ಎರಡು ದಿನಕ್ಕೆ ರೂಢಿಯಾಯಿತು. ಕರೆಂಟ್ ಹೋದರೆ ಕಿರುಚಿ ನಿಂತುಬಿಡುತ್ತೆ, ಅದಕ್ಕೇ ಪಕ್ಕದಲ್ಲಿ ಸಿಲಿಂಡರ್ ಇರಲೇಬೇಕು. ಅದರ ಬಾಡಿಗೆ ಬೇರೆ, ಮೊದಲೇ ಹೇಳಲ್ಲ.

ಐದಕ್ಕೆ ಎರಡೂವರೆ. ಮಷಿನ್ ವಾಪಸ್ ಕೊಟ್ಟು ಎಂಟು ದಿನ ಆಯಿತು, ಡಿಪಾಜಿಟ್ ಇನ್ನೂ ಬಂದಿಲ್ಲ.