ಅಮಾವಾಸ್ಯೆಯಿಂದ ಅಷ್ಟಮಿಯವರೆಗೆ: ಕಡಲತೀರದ ರಜೆಯಲ್ಲಿ ಪಡೆದ ಒಂದು ಮಾರ್ಗದರ್ಶನ ಸೇವೆಯ ವಿಮರ್ಶೆ

ಕಡಲತೀರಕ್ಕೆ ರಜೆಗೆಂದು ಹೋಗುವವರಿಗೆ ಚಟುವಟಿಕೆಗಳನ್ನು ಏರ್ಪಡಿಸಿಕೊಡುವ ಸೇವೆಗಳು ಈಗ ಎಲ್ಲೆಡೆ ಸಿಗುತ್ತವೆ. ನಾನು ಈವರೆಗೆ ಬಳಸಿದವರೆಲ್ಲ ಬೆಳಿಗ್ಗೆ ಹತ್ತಕ್ಕೆ ಕಯಾಕ್ (ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ), ಮಧ್ಯಾಹ್ನ ಎರಡಕ್ಕೆ ಸ್ನಾರ್ಕೆಲ್ (ಮಾಸ್ಕ್ ಮತ್ತು ಉಸಿರಾಟದ ಕೊಳವೆ ತೊಟ್ಟು ತೇಲುತ್ತಾ ನೀರೊಳಗೆ ನೋಡುವುದು), ಸಂಜೆ ಐದಕ್ಕೆ ದೋಣಿ ವಿಹಾರ ಎಂದು ವರ್ಷವಿಡೀ ಒಂದೇ ವೇಳಾಪಟ್ಟಿಯನ್ನು ಇಟ್ಟುಕೊಂಡಿದ್ದರು. ಈ ಸಲ ನಾವು ಆರಿಸಿಕೊಂಡ ಸೇವೆಯವರು ಮಾತ್ರ ನಮ್ಮ ದಿನಾಂಕಗಳನ್ನು ನೋಡಿದ ಕೂಡಲೇ, ಸಾಧ್ಯವಿದ್ದರೆ ಪ್ರಯಾಣವನ್ನು ನಾಲ್ಕು ದಿನ ಮುಂದಕ್ಕೆ ಹಾಕಿಕೊಳ್ಳಿ ಎಂದು ಕೇಳಿಕೊಂಡರು. ಅಮಾವಾಸ್ಯೆಯಂದು ಆರಂಭಿಸಿ ಅಷ್ಟಮಿಯಂದು ಮುಗಿಸುವಂತಿದ್ದರೆ, ನಾವು ಬಯಸಿದ ನಾಲ್ಕೂ ಚಟುವಟಿಕೆಗಳನ್ನು ಅವುಗಳಿಗೆ ತಕ್ಕ ನೀರಿನಲ್ಲೇ ಮಾಡಿಸಬಹುದು ಎಂಬುದು ಅವರು ಕೊಟ್ಟ ಕಾರಣ. ರಜೆ ಬದಲಿಸಿಕೊಳ್ಳುವುದು ಸ್ವಲ್ಪ ಕಷ್ಟವಾಯಿತು. ಆದರೆ ಒಂಬತ್ತು ದಿನ ಕಳೆದು ಬಂದ ಮೇಲೆ, ಆ ಒಂದು ಸಲಹೆಯಿಂದಲೇ ನಾವು ತೆತ್ತ ಹಣದ ಬಹುಪಾಲು ಸಾರ್ಥಕವಾಯಿತು ಎನ್ನಲು ನನಗೆ ಹಿಂಜರಿಕೆಯಿಲ್ಲ.

ಕಾರಣ ಸರಳವಾದದ್ದೇ, ಆದರೆ ನಮಗೆ ಯಾರೂ ಹೇಳಿರಲಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ನೇರದಲ್ಲಿ ಕೂಡಿಕೊಳ್ಳುವುದರಿಂದ ಭರತ ಬಹಳ ಮೇಲೇರುತ್ತದೆ, ಇಳಿತ ಬಹಳ ಕೆಳಗಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಆ ಎರಡು ಸೆಳೆತಗಳು ಒಂದಕ್ಕೊಂದು ಅಡ್ಡವಾಗುವುದರಿಂದ ಏರಿಳಿತ ಕುಗ್ಗಿ ನೀರಿನ ಓಟವೂ ತಗ್ಗುತ್ತದೆ. ಬಂಡೆಗಳ ಸಂದಿಯ ಜೀವಿಗಳನ್ನು ನೋಡಲು ನೀರು ತೀರಾ ಕೆಳಗಿಳಿಯಬೇಕು, ಹವಳದ ಮೇಲೆ ತೇಲಿ ನೋಡಲು ನೀರು ನಿಂತು ತಿಳಿಯಾಗಬೇಕು, ರಾತ್ರಿ ಅಲೆಗಳಲ್ಲಿ ಬೆಳಕು ಕಾಣಲು ಚಂದ್ರನಿರಬಾರದು. ಇವೆಲ್ಲ ಒಂದೇ ದಿನದಲ್ಲಿ ಕೂಡಿಬರುವುದಿಲ್ಲ. ಅಮಾವಾಸ್ಯೆಯಿಂದ ಅಷ್ಟಮಿಯವರೆಗಿನ ಅವಧಿಯಲ್ಲಿ ಒಂದಾದ ಮೇಲೊಂದರಂತೆ ಬರುತ್ತವೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಎಲ್ಲ ಹೊತ್ತುಗಳೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತವೆ. ಆದ್ದರಿಂದ ನಮಗೆ ಕೊಟ್ಟ ವೇಳಾಪಟ್ಟಿಯಲ್ಲಿ ಯಾವ ಎರಡು ದಿನಗಳ ಹೊತ್ತೂ ಒಂದೇ ಆಗಿರಲಿಲ್ಲ.

ಅಲ್ಲಿಗೆ ತಲುಪಿದ ಸಂಜೆ ನಮ್ಮನ್ನು ನೀರಿಗಿಳಿಸಲಿಲ್ಲ. ಮಾರ್ಗದರ್ಶಕರು ನನ್ನನ್ನು, ಹೆಂಡತಿಯನ್ನು, ಹತ್ತು ವರ್ಷದ ಮಗಳನ್ನು ಮತ್ತು ಈಜು ಬಾರದ ಅಮ್ಮನನ್ನು ತೀರದ ಎತ್ತರದ ದಿಣ್ಣೆಯೊಂದರ ಮೇಲೆ ಕೂರಿಸಿ, ಇಲ್ಲಿ ಈಜಲು ಸುರಕ್ಷಿತವಾದ ಜಾಗ ಯಾವುದೆಂದು ಕೇಳಿದರು. ನಾವು ನಾಲ್ವರೂ ಅಲೆಗಳು ಒಡೆಯದೆ ಶಾಂತವಾಗಿ ಕಾಣುತ್ತಿದ್ದ, ಸ್ವಲ್ಪ ಗಾಢ ಬಣ್ಣದ ಒಂದು ಪಟ್ಟಿಯನ್ನು ತೋರಿಸಿದೆವು. ಸುಮ್ಮನೆ ನೋಡುತ್ತಿರಿ ಎಂದರು. ಐದು ನಿಮಿಷದೊಳಗೆ ದಡದ ನೊರೆ ಮತ್ತು ಪಾಚಿಯ ಚೂರುಗಳು ಅದೇ ಪಟ್ಟಿಯ ದಾರಿ ಹಿಡಿದು ಕಡಲಿನ ಕಡೆಗೆ ಸಾಗತೊಡಗಿದವು. ದಡಕ್ಕೆ ಬಂದು ಸೇರಿದ ನೀರು ಮರಳುದಿಣ್ಣೆಗಳ ನಡುವಿನ ಸಂದಿಯಿಂದ ಹಿಂದಿರುಗುವ ಸೆಳೆತ ಅದು. ಅಲ್ಲಿ ಆಳ ಹೆಚ್ಚಾದ್ದರಿಂದಲೇ ಅಲೆಗಳು ಒಡೆಯುವುದಿಲ್ಲ, ಅಲೆಗಳು ಒಡೆಯದಿರುವುದರಿಂದಲೇ ಹೊಸಬರು ಅದನ್ನೇ ಆರಿಸಿಕೊಳ್ಳುತ್ತಾರೆ. ಇಂಥ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿಗಿಂತಲೂ ವೇಗವಾಗಿ ಓಡುತ್ತದೆ. ಪಳಗಿದ ಈಜುಗಾರರಿಗೂ ಅದನ್ನು ಎದುರಿಸಿ ಈಜಲಾಗದು. ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡದೆ, ತೇಲುತ್ತಾ ಉಸಿರು ಹಿಡಿತಕ್ಕೆ ತಂದುಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಆಗದಿದ್ದರೆ ತೇಲುತ್ತಲೇ ಕೈಯೆತ್ತಿ ನೆರವು ಕೇಳಬೇಕು. ಜೀವರಕ್ಷಕರಿರುವ ತೀರದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕೆಂಬುದನ್ನೂ ಅವರು ಮಗಳ ಬಾಯಲ್ಲಿ ಹೇಳಿಸಿದರು. ಆ ಅರ್ಧ ಗಂಟೆಗೆ ಬೇರೆ ಶುಲ್ಕವಿರಲಿಲ್ಲ. ಮಕ್ಕಳನ್ನು ಕರೆದೊಯ್ಯುವ ಯಾವ ತಂದೆ ತಾಯಿಯೂ ಈ ಪಾಠವಿಲ್ಲದೆ ನೀರಿಗಿಳಿಯಬಾರದೆಂದು ನಾನು ಮನಸಾರೆ ಬಯಸುತ್ತೇನೆ.

ಮರುದಿನ, ಅಂದರೆ ಅಮಾವಾಸ್ಯೆಯಂದು, ಕಯಾಕ್. ಭರತ ಪೂರ್ಣವಾಗುವುದು 8.45ಕ್ಕೆ ಇದ್ದುದರಿಂದ ಏಳೂಕಾಲಿಗೆ ಅಳಿವೆಯ ಬಾಯಿಯಿಂದ ಹೊರಟು, ಏರುವ ನೀರಿನೊಂದಿಗೆ ಒಳಗೆ ಸಾಗಿ, ನೀರು ತಿರುಗಿದ ಮೇಲೆ ಅದರೊಂದಿಗೇ ಮರಳಿದೆವು. ಹುಟ್ಟು ಹಾಕುವುದಕ್ಕಿಂತ ದಿಕ್ಕು ತಿದ್ದಿಕೊಳ್ಳುವುದೇ ಹೆಚ್ಚಾಗಿತ್ತು. ಹತ್ತು ಗಂಟೆಗೆ ದಡ ಸೇರುವಾಗ ಕಡಲ ಗಾಳಿ ಏಳತೊಡಗಿತ್ತು; ಬಿಸಿಲೇರಿ ನೆಲ ಕಾದಂತೆಲ್ಲ ಅದು ಬಲಗೊಳ್ಳುವುದರಿಂದ, ಕಯಾಕ್ ವಿಹಾರವನ್ನು ಮಧ್ಯಾಹ್ನಕ್ಕೆ ಇಡುವ ಸೇವೆಗಳನ್ನು ಆರಿಸಿಕೊಳ್ಳದಿರುವುದೇ ಒಳ್ಳೆಯದು.

ಮೂರನೆಯ ದಿನದ ಬಂಡೆಗುಂಡಿಗಳ ನಡಿಗೆಯೇ ನನ್ನ ದೃಷ್ಟಿಯಲ್ಲಿ ಈ ಸೇವೆಯ ಶಿಖರ. ಅತಿ ದೊಡ್ಡ ಇಳಿತ ಸಾಮಾನ್ಯವಾಗಿ ಅಮಾವಾಸ್ಯೆಯಾಗಿ ಒಂದೆರಡು ದಿನಕ್ಕೆ ಬರುವುದರಿಂದ ಅವರು ಈ ದಿನವನ್ನು ಆರಿಸಿದ್ದರು. ಇಳಿತದ ಹೊತ್ತು 4.40ಕ್ಕೆ ಇತ್ತು, ನಾವು ಮೂರೂವರೆಗೇ ಬಂಡೆಗಳ ಮೇಲಿದ್ದೆವು. ನೀರು ಹಿಂದೆ ಸರಿಯುವಾಗ ಅದರ ಬೆನ್ನ ಹಿಂದೆಯೇ ಇಳಿಯಬೇಕು, ತಿರುಗಿದ ಕೂಡಲೇ ದಡದ ಕಡೆಗೆ ಹೊರಡಬೇಕು ಎಂಬುದು ನಿಯಮ. ಭರತವೇರುವ ಆರು ಗಂಟೆಗಳಲ್ಲಿ ನೀರು ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಭಾಗದಷ್ಟು ಮಾತ್ರ ಏರಿ, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಅರ್ಧದಷ್ಟು ಏರಿಬಿಡುತ್ತದೆ. ಇನ್ನೂ ಸಮಯವಿದೆಯೆಂದು ಬಂಡೆಯ ಮೇಲೆ ಕುಳಿತವರು ಸಿಕ್ಕಿಕೊಳ್ಳುವುದು ಈ ಲೆಕ್ಕ ತಿಳಿಯದೆ.

ಅಮ್ಮನಿಗೆ ಮೊಣಕಾಲು ನೋವಿರುವುದರಿಂದ, ಹೆಚ್ಚು ಇಳಿಯದೆ ತಲುಪಬಹುದಾದ ಒಂದು ಗುಂಡಿಯ ಬಳಿ ಆಕೆಗೆ ಮಡಚುವ ಕುರ್ಚಿ ಹಾಕಿಕೊಟ್ಟಿದ್ದರು. ಗುಂಡಿಯ ಅಗಲ ಒಂದು ಪರಾತದಷ್ಟಿತ್ತು. ಮೊದಲ ನೋಟಕ್ಕೆ ಖಾಲಿ. ನೆರಳು ಬೀಳದಂತೆ ಪಕ್ಕಕ್ಕೆ ಕುಳಿತು ಎರಡು ನಿಮಿಷ ಅಲುಗಾಡದಿದ್ದಾಗ, ಬೂದುಬಣ್ಣದ ಒರಟು ಗುಬುಟುಗಳೆಂದು ನಾವು ತಿಳಿದಿದ್ದ ಬಾರ್ನಕಲ್‌ಗಳ ನೆತ್ತಿಯ ಬಾಗಿಲುಗಳು ತೆರೆದುಕೊಂಡವು. ಒಂದೊಂದರೊಳಗಿನಿಂದಲೂ ನವಿರಾದ ಬೀಸಣಿಗೆಯಂಥದ್ದು ಹೊರಬಂದು, ನೀರನ್ನು ಬಾಚಿ, ಒಳಗೆ ಸೇರಿ, ಮತ್ತೆ ಹೊರಬರತೊಡಗಿತು. ಅವು ಆ ಪ್ರಾಣಿಯ ಕಾಲುಗಳು. ಮರಿಯಾಗಿ ಈಜಾಡಿ, ತಲೆಯನ್ನೇ ಬಂಡೆಗೆ ಅಂಟಿಸಿಕೊಂಡು, ಉಳಿದ ಆಯುಷ್ಯವೆಲ್ಲ ಕಾಲಿನಿಂದ ಆಹಾರ ಬಾಚಿಕೊಳ್ಳುವ, ಏಡಿ ಸಿಗಡಿಗಳ ಬಳಗದ ಜೀವಿ ಅದು. "ಇಷ್ಟು ವರ್ಷ ಇದನ್ನು ಕಲ್ಲಿನ ಹಕ್ಕಳೆ ಅಂದುಕೊಂಡು ತುಳಿದುಕೊಂಡೇ ಓಡಾಡಿದ್ದೀನಲ್ಲೋ" ಎಂದು ಅಮ್ಮ ನೊಂದುಕೊಂಡ ಬಗೆ ನನ್ನ ಮನಸ್ಸಿನಲ್ಲಿ ಉಳಿದಿದೆ.

ಅದರ ಪಕ್ಕದಲ್ಲಿ, ಪುಟ್ಟ ಟೋಪಿಯ ಆಕಾರದ ಚಿಪ್ಪಿನ ಲಿಂಪೆಟ್‌ಗಳು. ನೀರು ಬಂದಾಗ ಪಾಚಿ ಕೆರೆದು ತಿನ್ನಲು ಹೊರಡುವ ಲಿಂಪೆಟ್, ನೀರು ಇಳಿಯುವ ಮುನ್ನ ತಾನು ಹೊರಟ ಜಾಗಕ್ಕೇ ಮರಳುತ್ತದೆ. ಅನೇಕ ಜಾತಿಗಳಲ್ಲಿ ಚಿಪ್ಪಿನ ಅಂಚೂ ಬಂಡೆಯೂ ಒಂದಕ್ಕೊಂದು ಸವೆದು, ಆ ಒಂದು ಚಿಪ್ಪಿಗೆ ಮಾತ್ರ ಸರಿಹೊಂದುವ ಗುಳಿ ಬಂಡೆಯಲ್ಲಿ ಮೂಡಿರುತ್ತದೆ. ಮಾರ್ಗದರ್ಶಕರು ಮಗಳಿಗೆ ಅಂಥ ಒಂದು ಖಾಲಿ ಗುಳಿಯನ್ನು ತೋರಿಸಿದರು. ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದ ಅವಳು, ಮನೆಯವರು ಎಲ್ಲಿ ಹೋದರೆಂದು ಕೇಳಿದಳು. ಏನನ್ನೂ ಕೀಳಬಾರದು, ನಕ್ಷತ್ರಮೀನನ್ನು ಫೋಟೋಗಾಗಿ ನೀರಿನಿಂದ ಎತ್ತಬಾರದು, ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು ಎಂಬ ಎಚ್ಚರಿಕೆಗಳನ್ನು ಅವಳು ಅದಾದ ಮೇಲೆ ನಮಗೇ ಹೇಳತೊಡಗಿದಳು. ಎಂಟು ಜನರಿಗಿಂತ ಹೆಚ್ಚಿನವರನ್ನು ಈ ನಡಿಗೆಗೆ ಸೇರಿಸಿಕೊಳ್ಳುವುದಿಲ್ಲವೆಂಬ ಅವರ ಕಟ್ಟುಪಾಡು ಅತ್ಯಂತ ಸರಿಯಾದದ್ದು.

ಇದಕ್ಕೂ ಹಿಂದಿನ ರಾತ್ರಿ ಅಲೆಗಳ ಬೆಳಕನ್ನು ನೋಡಲು ಕರೆದೊಯ್ದಿದ್ದರು. ಅದು ಕಾಣಿಸಿಯೇ ತೀರುತ್ತದೆಂದು ಅವರು ಭರವಸೆ ಕೊಡಲಿಲ್ಲ, ಕಾಣದಿದ್ದರೆ ಆ ನಡಿಗೆಗೆ ಹಣ ಪಡೆಯುವುದಿಲ್ಲವೆಂದೂ ಹೇಳಿದ್ದರು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುವುದರಿಂದ ಎಲ್ಲರ ಮೊಬೈಲ್‌ಗಳನ್ನೂ ಚೀಲಕ್ಕೆ ಹಾಕಿಸಿ, ಮೌನವಾಗಿ ನಡೆಸಿದರು. ಆಮೇಲೆ ಒದ್ದೆ ಮರಳಿನ ಮೇಲೆ ಮಗಳು ಹೆಜ್ಜೆಯಿಟ್ಟಲ್ಲಿ ನೀಲಿ ಚುಕ್ಕೆಗಳು ಹೊತ್ತಿ ಆರಿದವು. ನೀರಿನಲ್ಲಿ ತೇಲುವ ಒಂದೇ ಜೀವಕೋಶದ ಜೀವಿಗಳು, ಅಲುಗಾಟಕ್ಕೆ ಸಿಕ್ಕಿದಾಗ ತಮ್ಮೊಳಗಿನ ರಾಸಾಯನಿಕ ಕ್ರಿಯೆಯಿಂದ ಕ್ಷಣಮಾತ್ರ ಬೆಳಗುತ್ತವೆ. ಪಟಗಳಲ್ಲಿ ಕಾಣುವ ಉಜ್ವಲ ನೀಲಿ, ಕ್ಯಾಮೆರಾ ಬಹಳ ಹೊತ್ತು ತೆರೆದಿದ್ದುದರ ಫಲ. ಬರಿಗಣ್ಣಿಗೆ ಕಾಣುವುದು ಅದಕ್ಕಿಂತ ಮಂದ, ಆದರೆ ಅದು ನಮ್ಮ ಪಾದದ ಸುತ್ತಲೇ ಕಾಣುತ್ತದೆ. ನಾನು ನೋಡಿದ ಕಡಲ ರಾತ್ರಿಗಳಲ್ಲಿ ಇದರಂಥದ್ದು ಮತ್ತೊಂದಿಲ್ಲ.

ಆರನೆಯ ದಿನ ದೂರದ ಗಾಳಿಯಿಂದ ಎದ್ದ ದೊಡ್ಡ ಅಲೆಗಳು ಬಂದುದರಿಂದ, ಅಂದಿಗೆ ಗೊತ್ತಾಗಿದ್ದ ಎರಡನೆಯ ಕಯಾಕ್ ವಿಹಾರವನ್ನು ಬೆಳಗಿನ ಆರಕ್ಕೇ ರದ್ದು ಮಾಡಿ, ಸಂಜೆಯೊಳಗೆ ಹಣ ಮರಳಿಸಿದರು. ಆಕಾಶ ನಿರ್ಮಲವಾಗಿದ್ದ ದಿನ ಹೀಗೆ ನಿಲ್ಲಿಸಿದ್ದಕ್ಕೆ ನಮ್ಮೊಂದಿಗಿದ್ದ ಮತ್ತೊಂದು ಕುಟುಂಬ ಬೇಸರಿಸಿತು. ನನಗಂತೂ ಅವರ ಮೇಲಿನ ವಿಶ್ವಾಸ ಅಂದು ಹೆಚ್ಚಿತು.

ಇನ್ನು ಸ್ನಾರ್ಕೆಲ್. ಇಲ್ಲಿ ಹೊಗಳಿಕೆಯೂ ಇದೆ, ದೂರೂ ಇದೆ. ಹೊತ್ತಿನ ಆಯ್ಕೆ ನಿಖರವಾಗಿತ್ತು. ಅಷ್ಟಮಿಯ ಬೆಳಿಗ್ಗೆ 9.15ಕ್ಕೆ ಇಳಿತವಿದ್ದರೂ ಅದು ಸಣ್ಣ ಇಳಿತವಾದ್ದರಿಂದ ಹವಳಗಳ ಮೇಲೆ ಬೇಕಾದಷ್ಟು ನೀರಿತ್ತು, ನೀರಿನ ಓಟ ನಿಂತಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ಮಾಸ್ಕ್ ಕೊಡುವ ಮುನ್ನ ಅದರ ಪಟ್ಟಿಯನ್ನು ಹಾಕದೆ ಮುಖಕ್ಕೊತ್ತಿ, ಮೂಗಿನಿಂದ ಉಸಿರೆಳೆಸಿ, ಬೀಳದೆ ನಿಲ್ಲುತ್ತದೆಯೇ ಎಂದು ಒಬ್ಬೊಬ್ಬರದನ್ನೂ ಪರೀಕ್ಷಿಸಿದರು. ನೀರೊಳಗೆ ವಸ್ತುಗಳು ಇರುವುದಕ್ಕಿಂತ ಕಾಲು ಭಾಗ ಹತ್ತಿರ, ಮೂರನೆಯ ಒಂದು ಭಾಗ ದೊಡ್ಡದಾಗಿ ಕಾಣುತ್ತವೆಂದು ಮೊದಲೇ ಹೇಳಿದ್ದರಿಂದ, ಹವಳ ಎದೆಗೆ ತಾಗೀತೆಂದು ಹೆದರಿ ಕಾಲೂರುವ ಪ್ರಮೇಯ ಬರಲಿಲ್ಲ. ಗಟ್ಟಿ ಗುಂಡಿನಂಥ ಹವಳಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯಲಾರವು; ಕಾಲಿಗೆ ತೊಡುವ ಒಂದು ಫಿನ್‌ನ ಒದೆತ ಹತ್ತಾರು ವರ್ಷಗಳ ಬೆಳವಣಿಗೆಯನ್ನು ಮುರಿಯಬಲ್ಲದು. ಬೆನ್ನಿಗೆ ಸನ್‌ಸ್ಕ್ರೀನ್ ಬಳಿಯುವ ಬದಲು ತುಂಬುತೋಳಿನ ಈಜಂಗಿ ಕೊಟ್ಟದ್ದೂ ಮೆಚ್ಚತಕ್ಕದ್ದೇ. ಹವಳಕ್ಕೆ ಹಾನಿಕರವೆಂದು ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳನ್ನು ಪಲಾವು ದೇಶ 2020ರಲ್ಲಿ ನಿಷೇಧಿಸಿತು, ಹವಾಯಿಯಲ್ಲಿ ಅವುಗಳ ಮಾರಾಟವನ್ನು 2021ರಿಂದ ನಿರ್ಬಂಧಿಸಲಾಗಿದೆ.

ಇಷ್ಟು ಕಾಳಜಿಯುಳ್ಳವರು ದೋಣಿಯನ್ನು ಮಾತ್ರ ಬೇರೊಬ್ಬರಿಗೆ ಒಪ್ಪಿಸಿದ್ದರು. ದೋಣಿಯ ಸಿಬ್ಬಂದಿ ಮೀನುಗಳನ್ನು ಒಟ್ಟುಗೂಡಿಸಲೆಂದು ಬ್ರೆಡ್ ಚೂರುಗಳನ್ನು ನೀರಿಗೆ ಎಸೆದರು. ಕ್ಷಣಾರ್ಧದಲ್ಲಿ ಒಂದೇ ಜಾತಿಯ ಮೀನುಗಳು ಮುಗಿಬಿದ್ದು ಕಲಕಿದವು. ಅದುವರೆಗೆ ಹವಳದ ಮೇಲೆ ತನ್ನ ಪಾಡಿಗೆ ಪಾಚಿ ಕಚ್ಚುತ್ತಿದ್ದ, ನಾನು ಹತ್ತು ನಿಮಿಷದಿಂದ ಹಿಂಬಾಲಿಸುತ್ತಿದ್ದ ಗಿಳಿಮೀನು ಕಾಣದಾಯಿತು. ಹವಳದ ಮೇಲಿನ ಪಾಚಿಯನ್ನು ತಿಂದು ಅದನ್ನು ಉಳಿಸಬೇಕಾದ ಮೀನುಗಳಿಗೆ ಬ್ರೆಡ್ ತಿನ್ನಿಸುವುದು ಸರಿಯಲ್ಲ. ನಮ್ಮ ಮಾರ್ಗದರ್ಶಕರು ತಡೆದರಾದರೂ ಆಗಲೇ ತಡವಾಗಿತ್ತು. ದೋಣಿಯಲ್ಲಿ ಹದಿನಾಲ್ಕು ಜನರಿದ್ದದ್ದೂ ಹೆಚ್ಚಾಯಿತು; ನೀರಿನಲ್ಲಿದ್ದ ಎಲ್ಲರ ಮೇಲೂ ಇಬ್ಬರು ಕಣ್ಣಿಡಬೇಕಾಗಿತ್ತು. ಮಗಳ ಮುಖಕ್ಕೆ ಸರಿಯಾಗುವ ಮಾಸ್ಕ್ ಒಂದೇ ಒಂದಿದ್ದು, ಅದು ಮತ್ತೊಂದು ಮಗುವಿನ ಪಾಲಾದ್ದರಿಂದ, ಅವಳು ಎರಡು ಸಲ ಉಪ್ಪುನೀರು ಕುಡಿದು ಬೇಗನೆ ದೋಣಿ ಹತ್ತಿದಳು. ಪರೀಕ್ಷೆಯಲ್ಲಿ ಆ ದೊಡ್ಡ ಮಾಸ್ಕ್ ನಿಲ್ಲಲಿಲ್ಲವೆಂದು ತಿಳಿದೂ ಪಟ್ಟಿ ಬಿಗಿದು ಕಳುಹಿಸಿದ್ದು ತಪ್ಪು. ಬಿಗಿದಷ್ಟೂ ಅಂಚು ಮಡಚಿಕೊಂಡು ನೀರು ಹೆಚ್ಚು ಸೋರುತ್ತದೆ ಎಂಬುದನ್ನು ಅವರೇ ನಮಗೆ ಹೇಳಿಕೊಟ್ಟಿದ್ದರು.

ಈ ಮೂರನ್ನೂ ನಾನು ಲಿಖಿತವಾಗಿ ತಿಳಿಸಿದೆ. ಮಕ್ಕಳ ಮಾಸ್ಕ್‌ಗಳನ್ನು ಮೂರು ಅಳತೆಗಳಲ್ಲಿ ತರಿಸುವುದಾಗಿಯೂ, ಮೀನಿಗೆ ತಿನಿಸು ಹಾಕಬಾರದೆಂಬ ಷರತ್ತನ್ನು ದೋಣಿಯವರ ಒಪ್ಪಂದಕ್ಕೆ ಸೇರಿಸುವುದಾಗಿಯೂ ಉತ್ತರ ಬಂತು. ಜನರ ಸಂಖ್ಯೆಯ ಬಗ್ಗೆ ಏನೂ ಹೇಳಲಿಲ್ಲ. ಆದ್ದರಿಂದ ನಡಿಗೆಗಳನ್ನೂ ಕಯಾಕನ್ನೂ ಕಣ್ಣು ಮುಚ್ಚಿ ಆರಿಸಿಕೊಳ್ಳಬಹುದು. ಸ್ನಾರ್ಕೆಲ್‌ಗೆ ಒಪ್ಪುವ ಮುನ್ನ ದೋಣಿಯಲ್ಲಿ ಎಷ್ಟು ಜನರಿರುತ್ತಾರೆಂದು ಕೇಳಿ, ಮಕ್ಕಳಿದ್ದರೆ ಅವರ ಮುಖಕ್ಕೆ ಹೊಂದುವ ಮಾಸ್ಕನ್ನು ಮನೆಯಿಂದಲೇ ಒಯ್ಯಿರಿ. ನಾವು ಮುಂದಿನ ವರ್ಷದ ಎರಡು ಅಮಾವಾಸ್ಯೆಗಳ ದಿನಾಂಕಗಳನ್ನು ಅವರಿಗೆ ಕಳುಹಿಸಿದ್ದೇವೆ. ದಿನದ ಎರಡು ಇಳಿತಗಳಲ್ಲಿ ಹೆಚ್ಚು ಕೆಳಗಿಳಿಯುವುದು ಹಗಲಿನಲ್ಲಿ ಬೀಳುವುದು ಯಾವುದರಲ್ಲೆಂದು ನೋಡಿ ತಿಳಿಸುವುದಾಗಿ ಹೇಳಿದ್ದಾರೆ.