ಟೀಚರ್‌ಗೆ ಮಾರ್ಕ್ಸ್ ಹಾಕೋ ಆ್ಯಪ್: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ. ಆ ಎರಡೂವರೆಯೂ ಈ ಆ್ಯಪ್‌ನ ಮೊದಲರ್ಧಕ್ಕೆ. ಉಳಿದರ್ಧಕ್ಕೆ ಸೊನ್ನೆ.

ನಾನು ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲ್‌ನಲ್ಲಿ ಗಣಿತ ಟೀಚರ್, ಹದಿನಾಲ್ಕು ವರ್ಷ ಆಯಿತು. ಕಳೆದ ಜೂನ್‌ನಲ್ಲಿ ನಮ್ಮ ಆಡಳಿತ ಮಂಡಳಿಯವರು ಒಂದು ಕಂಪನಿಯಿಂದ ಈ ಸೇವೆ ತಗೊಂಡರು. ಮಗುವಿಗೆ ವರ್ಷಕ್ಕೆ 180 ರೂಪಾಯಿ. ಕಂಪನಿ ಹೆಸರು ಬರೆಯಲ್ಲ, ನನಗೂ ಕೆಲಸ ಉಳಿಸಿಕೊಳ್ಳಬೇಕು ಅಲ್ವಾ. ನಾಳೆ ನಿಮ್ಮ ಸ್ಕೂಲಿಗೂ ಇಂಥದ್ದೇ ಒಂದು ಬಂದು ಕೂತರೆ ಎಲ್ಲೆಲ್ಲಿ ಕಣ್ಣಿಡಬೇಕು ಅಂತ ಗೊತ್ತಿರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಕೆಲಸ ಹೇಗೆ ಅಂದರೆ, ಜೂನ್‌ನಲ್ಲಿ ಮಕ್ಕಳಿಗೆ ಒಂದು ಪರೀಕ್ಷೆ. ಅಂಕ ಆ್ಯಪ್‌ಗೆ ಹಾಕಬೇಕು. ಆಮೇಲೆ ಟೀಚರ್ರು, ಹೆಚ್.ಎಂ. ಕೂತು ಒಂದೊಂದು ಮಗುವಿಗೂ ವರ್ಷದ ಗುರಿ ಗೊತ್ತು ಮಾಡಬೇಕು. ಫೆಬ್ರವರಿಯಲ್ಲಿ ಅದೇ ಕಲಿಕಾ ಫಲಗಳ (ಅಂದರೆ ಮಗು ಕಲಿತಿರಬೇಕಾದ ಅಂಶಗಳ) ಮೇಲೆ ಇನ್ನೊಂದು ಪರೀಕ್ಷೆ. ಶೇ 80ಕ್ಕಿಂತ ಜಾಸ್ತಿ ಮಕ್ಕಳು ಗುರಿ ಮುಟ್ಟಿದರೆ ಟೀಚರ್‌ಗೆ ‘ಉತ್ತಮ’, 60ರಿಂದ 80ರ ಒಳಗಿದ್ದರೆ ‘ತೃಪ್ತಿಕರ’, 60ಕ್ಕಿಂತ ಕಡಿಮೆ ಆದರೆ ‘ಸುಧಾರಣೆ ಬೇಕು’. ಇನ್‌ಕ್ರಿಮೆಂಟ್ ಇದರ ಬಾಲಕ್ಕೆ ಕಟ್ಟಿದ್ದಾರೆ.

ಟ್ರೈನಿಂಗ್ ಕೊಡಲು ಬಂದ ಹುಡುಗ ಪ್ರೊಜೆಕ್ಟರ್ ಹಾಕಿ, ಇದು ಬಹಳ ಹೊಸ ವಿಧಾನ ಅಂತ ಶುರು ಮಾಡಿದ. ನಮ್ಮ ಹಿರಿಯ ಕನ್ನಡ ಮೇಷ್ಟ್ರು ಹಿಂದಿನ ಬೆಂಚಿಂದ, “ಇದು ನಮ್ಮ ಸೇತುಬಂಧನೇ ಅಲ್ಲೇನ್ರಿ?” ಅಂದರು. ಹುಡುಗನಿಗೆ ಸೇತುಬಂಧ ಅಂದರೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಶಾಲೆ ಶುರುವಾದಾಗ ಹಿಂದಿನ ಪಾಠ ಗಟ್ಟಿ ಮಾಡಿಸೋ ಸೇತುಬಂಧದಲ್ಲೂ ಮೊದಲು ಏನು ಬರಲ್ಲ ಅಂತ ಪತ್ತೆ ಹಚ್ಚೋ ನೈದಾನಿಕ ಪರೀಕ್ಷೆ, ಕೊನೆಗೆ ಕಲಿತರಾ ಅಂತ ನೋಡೋ ಸಾಫಲ್ಯ ಪರೀಕ್ಷೆ ಇದ್ದೇ ಇದೆ. ಆದರೆ ಅಲ್ಲಿ ನೋಡೋದು ಮಗುವಿಗೆ ಹಿಂದಿನ ತರಗತಿದು ಏನೇನು ಬಿಟ್ಟುಹೋಗಿದೆ ಅನ್ನೋದನ್ನ. ಇಲ್ಲಿ ನೋಡೋದು ಟೀಚರ್‌ನ. ಈ ಗುರಿ ಇಟ್ಟು ಟೀಚರ್‌ನ ಅಳೆಯೋ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು. ಡೆನ್ವರ್ ನಗರದ ಸರ್ಕಾರಿ ಶಾಲೆಗಳಲ್ಲಿ 1999ರಲ್ಲೇ ಪ್ರಯೋಗ ಶುರುವಾಗಿತ್ತು, ಸಂಬಳಕ್ಕೂ ಸೇರಿಸಿ. ಹಾಗಾಗಿ ಇದು ಹೊಸದೇನಲ್ಲ, ಇಪ್ಪತ್ತೈದು ವರ್ಷದ ಅನುಭವ ಇರೋ ವಸ್ತು. ಆ ಅನುಭವದಲ್ಲಿ ಏನಾಯಿತು ಅಂತ ಕೇಳೋ ಹಕ್ಕು ದುಡ್ಡು ಕೊಡುವವರಿಗಿದೆ. ನಮ್ಮವರು ಕೇಳಲಿಲ್ಲ.

ಒಳ್ಳೆಯದು ಮೊದಲು. ನನ್ನ ಎಂಟನೇ ಕ್ಲಾಸಲ್ಲಿ 42 ಮಕ್ಕಳು, ಹತ್ತಾರು ಪ್ರೈಮರಿ ಶಾಲೆಗಳಿಂದ ಬಂದವರು. ಜೂನ್ ಪರೀಕ್ಷೆಯ ಅಂಕಗಳನ್ನ ಪ್ರಶ್ನೆವಾರು ಹಾಕಿದಾಗ ಆ್ಯಪ್ ಒಂದು ಬಣ್ಣದ ಚಾರ್ಟ್ ಕೊಟ್ಟಿತು. ಒಂದು ಸಾಲು ಪೂರ್ತಿ ಕೆಂಪು. 1/2 + 1/3 ಎಷ್ಟು ಅನ್ನೋ ಪ್ರಶ್ನೆಗೆ 42ರಲ್ಲಿ 31 ಮಕ್ಕಳು 2/5 ಅಂತ ಬರೆದಿದ್ದರು. ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿಸಿಬಿಟ್ಟಿದ್ದಾರೆ. ಕೆಲವರಿಗೆ ಬರಲ್ಲ ಅಂತ ನನಗೂ ಗೊತ್ತಿತ್ತು, 31 ಅಂತ ಗೊತ್ತಿರಲಿಲ್ಲ. ಉತ್ತರ ಪತ್ರಿಕೆ ತಿದ್ದುವಾಗ ಒಟ್ಟು ಅಂಕ ನೋಡ್ತೀವೇ ಹೊರತು ಒಂದೇ ತಪ್ಪು ಎಷ್ಟು ಪೇಪರ್‌ನಲ್ಲಿ ಬಂತು ಅಂತ ಎಣಿಸೋದಕ್ಕೆ ಪುರುಸೊತ್ತು ಎಲ್ಲಿರುತ್ತೆ. ಸಿಲಬಸ್ ಶುರು ಮಾಡೋದನ್ನ ಹತ್ತು ದಿನ ಮುಂದೆ ಹಾಕಿ ಬರೀ ಭಿನ್ನರಾಶಿ ಹಿಡಿದುಕೊಂಡೆ.

ಆ ಹತ್ತು ದಿನದಲ್ಲಿ ನಡೆದ ಒಂದು ಸಂಗತಿ. ಒಬ್ಬಳು ಹುಡುಗಿ, ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ, 25ಕ್ಕೆ 4 ತಗೊಂಡಿದ್ದಳು. ಬೋರ್ಡ್ ಮೇಲೆ 1/2 + 1/4 ಬರೆದರೆ 2/6 ಅಂದಳು. ಚಪಾತಿ, ಪೇಪರ್ ಮಡಚೋದು, ಎಲ್ಲಾ ಮಾಡಿದೆ, ಆಗಲಿಲ್ಲ. ಸುಮ್ನೆ ಏನೋ ಹೊಳೆದು, “ಅಚ್ಚೇರು ಮಂಡಕ್ಕಿಗೆ ಇನ್ನೊಂದು ಪಾವು ಹಾಕಿದರೆ ಎಷ್ಟಾಗುತ್ತಮ್ಮ?” ಅಂದೆ. “ಮುಕ್ಕಾಲು ಸೇರು ಮಿಸ್,” ಅಂದಳು, ಇಷ್ಟೂ ಗೊತ್ತಿಲ್ವಾ ಅನ್ನೋ ಮುಖದಲ್ಲಿ. ಅಚ್ಚೇರಲ್ಲಿ ಎಷ್ಟು ಪಾವು? ಎರಡು. ಹಾಗಾದರೆ ಒಟ್ಟು ಎಷ್ಟು ಪಾವು? ಮೂರು. ಸೇರಿಗೆ ಎಷ್ಟು? ನಾಲ್ಕು. ತಾನೇ ಎದ್ದು ಬಂದು 2/6 ಅಳಿಸಿ 3/4 ಬರೆದಳು. ಆಮೇಲೆ ತಿರುಗಿ ಬೋರ್ಡ್ ನೋಡಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಆ ಕೆಂಪು ಸಾಲು ಕಾಣದಿದ್ದರೆ ನಾನು ಅಲ್ಲಿ ಹತ್ತು ದಿನ ನಿಲ್ಲುತ್ತಲೇ ಇರಲಿಲ್ಲ. ಎರಡೂವರೆ ಸ್ಟಾರ್ ಇದಕ್ಕೇ. ಹೆಚ್.ಎಂ. ಜೊತೆ ಕೂತು ಒಂದೊಂದು ಮಗುವಿನ ಬಗ್ಗೆ ಮಾತಾಡಿದ ಆ ಎರಡು ಮಧ್ಯಾಹ್ನಗಳೂ ಚೆನ್ನಾಗಿದ್ದವು. ಹದಿನಾಲ್ಕು ವರ್ಷದಲ್ಲಿ ನನ್ನ ಕ್ಲಾಸಿನ ಮಕ್ಕಳ ಬಗ್ಗೆ ಅಷ್ಟು ಹೊತ್ತು ಯಾರೂ ನನ್ನನ್ನ ಕೇಳಿರಲಿಲ್ಲ.

ಈಗ ಎರಡನೇ ಅರ್ಧ. ಗುರಿ ಇಡೋ ಲೆಕ್ಕ ಆ್ಯಪ್‌ನದ್ದೇ. ಮಗು ಪೂರ್ತಿ ಅಂಕಕ್ಕೆ ಎಷ್ಟು ಹಿಂದಿದೆಯೋ ಅದರಲ್ಲಿ ಅರ್ಧ ದೂರ ಮುಂದೆ ಬರಬೇಕು. ಶೇ 20 ಇದ್ದವರು 60ಕ್ಕೆ, ಶೇ 80 ಇದ್ದವರು 90ಕ್ಕೆ. ಕೇಳೋಕೆ ನ್ಯಾಯವಾಗೇ ಇದೆ. ಈ ಹುಡುಗಿ ಶೇ 16, ಅವಳ ಗುರಿ 58. 25 ಅಂಕದ ಪರೀಕ್ಷೆಯಲ್ಲಿ ಅದು 14.5 ಅಂಕ. ಅಂಕ ತುಂಬೋ ಜಾಗದಲ್ಲಿ ಆ್ಯಪ್ ದಶಮಾಂಶ ತಗೊಳ್ಳಲ್ಲ. ಗುರಿಯಲ್ಲಿ ಮಾತ್ರ ದಶಮಾಂಶ ಇಡುತ್ತೆ! ಫೆಬ್ರವರಿಯಲ್ಲಿ ಅವಳು 14 ತಗೊಂಡಳು. ನಾಲ್ಕರಿಂದ ಹದಿನಾಲ್ಕು. ಆ್ಯಪ್ ಅವಳ ಹೆಸರಿನ ಮುಂದೆ ‘ಗುರಿ ಮುಟ್ಟಿಲ್ಲ’ ಅಂತ ತೋರಿಸಿತು. ಇನ್ನೊಬ್ಬ ಹುಡುಗ 20ರಿಂದ 23ಕ್ಕೆ ಬಂದ, ಅವನಿಗೆ ಹಸಿರು ಟಿಕ್ ಮಾರ್ಕ್. ಅವನು ದಿನಾ ಸಂಜೆ ಟ್ಯೂಷನ್‌ಗೆ ಹೋಗ್ತಾನೆ, ಆ ಮೂರು ಅಂಕದಲ್ಲಿ ನನ್ನದೆಷ್ಟು, ಟ್ಯೂಷನ್ ಮೇಷ್ಟ್ರದ್ದೆಷ್ಟು, ದೇವರಿಗೇ ಗೊತ್ತು. ಹತ್ತು ಅಂಕ ಏರಿದವಳು ನನ್ನ ಲೆಕ್ಕದಲ್ಲಿ ಸೋಲು, ಮೂರು ಏರಿದವನು ಗೆಲುವು.

ಇನ್ನೊಂದು, ಪರೀಕ್ಷೆ ತಾರೀಖು ಕಂಪನಿಯವರೇ ಹಾಕೋದು. ಅದು ಸರಿಯಾಗಿ ದುಗ್ಗಮ್ಮನ ಜಾತ್ರೆ ವಾರಕ್ಕೆ ಬಂದು ಬಿತ್ತು. ಎರಡು ವರ್ಷಕ್ಕೊಮ್ಮೆ ಆಗೋ ಜಾತ್ರೆ, ಮನೆ ತುಂಬಾ ನೆಂಟರು, ಊರಿಗೆ ಊರೇ ಆ ಕಡೆ. ಅಂಥ ವಾರದಲ್ಲಿ 42ರಲ್ಲಿ 39 ಮಕ್ಕಳು ಬಂದದ್ದೇ ದೊಡ್ಡದು. ಗೈರಾದ ಮೂವರನ್ನೂ ಆ್ಯಪ್ ‘ಮುಟ್ಟಿಲ್ಲ’ ಪಟ್ಟಿಗೆ ಹಾಕಿತು. ಗುರಿ ಮುಟ್ಟಿದವರು 25. 39ಕ್ಕೆ 25 ಅಂದರೆ ಶೇ 64, ನಾನು ‘ತೃಪ್ತಿಕರ’. 42ಕ್ಕೆ 25 ಅಂದರೆ 59.5, ನಾನು ‘ಸುಧಾರಣೆ ಬೇಕು’. ಆ ಹುಡುಗಿಗೆ ಇನ್ನೊಂದೇ ಒಂದು ಅಂಕ ಬಂದಿದ್ದರೂ ನಾನು ಪಾಸ್. ಇನ್‌ಕ್ರಿಮೆಂಟ್ ಅರ್ಧಕ್ಕೆ ನಿಂತಿತು.

ಗೈರಾದವರನ್ನ ಲೆಕ್ಕದಿಂದ ತೆಗೆದುಬಿಡಿ ಅಂತ ನಾನು ಹೇಳಲ್ಲ. ಹಾಗೆ ಮಾಡಿದರೆ ಹಿಂದುಳಿದ ಮಕ್ಕಳಿಗೆ ಆ ದಿನ ಮನೆಯಲ್ಲೇ ಇರು ಅನ್ನೋ ಟೀಚರ್‌ಗಳೂ ಹುಟ್ಟಿಕೊಳ್ತಾರೆ, ನಮ್ಮ ಟೀಚರ್ ಜಾತಿ ನನಗೆ ಗೊತ್ತಿಲ್ವಾ. ಬೇಕಾಗಿರೋದು ಇನ್ನೊಂದು ದಿನ ಪರೀಕ್ಷೆ ಕೊಡೋ ಅವಕಾಶ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಮೇಡಂ” ಅಂದರು. ಅಪ್‌ಡೇಟ್ ಬಂತು. ಹೋಮ್ ಪೇಜ್ ನೀಲಿ ಇದ್ದದ್ದು ಕೇಸರಿ ಆಗಿದೆ.

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ಜೂನ್ ಪ್ರಶ್ನೆಪತ್ರಿಕೆ ಮಾಡೋದು ನಾನು. ಫೆಬ್ರವರಿದೂ ನಾನೇ. ತಿದ್ದೋದು ನಾನು, ಅಂಕ ಹಾಕೋದು ನಾನು. ಅದರ ಮೇಲೆ ನಿಂತಿರೋದು ನನ್ನ ಸಂಬಳ. ಸ್ಟಾಫ್ ರೂಮಲ್ಲಿ ಒಬ್ಬರು ಮೊದಲ ವಾರವೇ ಉಪಾಯ ಹೇಳಿಕೊಟ್ಟರು: ಜೂನ್ ಪೇಪರ್ ಕಬ್ಬಿಣದ ಕಡಲೆ ಮಾಡ್ರಿ, ಫೆಬ್ರವರಿದು ಬೆಣ್ಣೆ ಥರ ಇಡ್ರಿ, ಮುಗೀತು. ಅವರಿಗೆ ‘ಉತ್ತಮ’ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಬರಬೇಡಿ ಅಂದರೆ ಆಗುತ್ತಾ.

ಹಾಗಂತ ಮಕ್ಕಳ ಅಂಕ ನೋಡಿ ಟೀಚರ್‌ಗೆ ದುಡ್ಡು ಕೊಡೋದು ಎಲ್ಲೂ ಫಲ ಕೊಡಲ್ಲ ಅಂತಲೂ ಅಲ್ಲ. ಅವಿಭಜಿತ ಆಂಧ್ರದ ಹಳ್ಳಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2005ರಿಂದ ಇಂಥದ್ದೇ ಒಂದು ಪ್ರಯೋಗ ಮಾಡಿದರು. ಮಕ್ಕಳ ಅಂಕ ಸರಾಸರಿ ಎಷ್ಟು ಏರಿತೋ ಅದಕ್ಕೆ ತಕ್ಕ ಬೋನಸ್. ಎರಡು ವರ್ಷದಲ್ಲಿ ಬೋನಸ್ ಇದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಉಳಿದ ಶಾಲೆಗಳಿಗಿಂತ ಮುಂದೆ ಬಂದರು, ಬೋನಸ್ ಇಲ್ಲದ ವಿಜ್ಞಾನ, ಸಮಾಜ ವಿಜ್ಞಾನದಲ್ಲೂ ಮುಂದೆ ಬಂದರು. ಆದರೆ ಅಲ್ಲಿ ಪರೀಕ್ಷೆ ನಡೆಸಿದ್ದು ಹೊರಗಿನವರು, ಆಯಾ ಶಾಲೆಯ ಟೀಚರ್ ಅಲ್ಲ. ಗುರಿ ಮುಟ್ಟಿದೆ, ಮುಟ್ಟಿಲ್ಲ ಅನ್ನೋ ಗೋಡೆಯೂ ಮಗುವಿನ ಮುಂದೆ ಇರಲಿಲ್ಲ. ನಾಲ್ಕರಿಂದ ಹದಿನಾಲ್ಕಕ್ಕೆ ಬಂದ ನನ್ನ ಹುಡುಗಿ ಅಲ್ಲಿದ್ದಿದ್ದರೆ ಆ ಹತ್ತೂ ಅಂಕ ಲೆಕ್ಕಕ್ಕೆ ಬರುತ್ತಿತ್ತು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಒಂದು ಹೇಳಿಕೆ ಕೊಟ್ಟಿದೆ. ಮಕ್ಕಳ ಅಂಕಗಳಲ್ಲಿ ಕಾಣೋ ಏರುಪೇರಿನಲ್ಲಿ ಟೀಚರ್ ಪಾಲು ಶೇ 1ರಿಂದ 14ರಷ್ಟು ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವಂತೆ. ಅದು ಇನ್ನೂ ಕ್ಲಿಷ್ಟವಾದ ಲೆಕ್ಕಗಳ ಬಗ್ಗೆ, ದೊಡ್ಡ ದೊಡ್ಡ ಕಂಪ್ಯೂಟರ್ ಮಾದರಿಗಳ ಬಗ್ಗೆ ಹೇಳಿದ ಮಾತು. ನಮ್ಮ 180 ರೂಪಾಯಿ ಆ್ಯಪ್ 42 ಮಕ್ಕಳ ಎರಡೇ ಪರೀಕ್ಷೆ ನೋಡಿ ನನ್ನ ಯೋಗ್ಯತೆ ಹೇಳುತ್ತೆ.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಚಿತ್ರದುರ್ಗ ನೋಡಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 96.80 ಫಲಿತಾಂಶ ಬಂದು ರಾಜ್ಯಕ್ಕೇ ಮೊದಲ ಸ್ಥಾನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಮೊದಲ ಸ್ಥಾನ ಉಡುಪಿಗೆ ಹೋಯಿತು. ಒಂದೇ ವರ್ಷದಲ್ಲಿ ರಾಜ್ಯದ ಟೀಚರ್‌ಗಳೆಲ್ಲ ಪಾಠ ಮಾಡೋದು ಮರೆತುಬಿಟ್ಟರಾ? ಪರೀಕ್ಷೆ ನಡೆಸೋ ರೀತಿ ಬದಲಾದರೆ ಹತ್ತು ಪರ್ಸೆಂಟ್ ಹೋಗುತ್ತೆ ಅಂದರೆ, ಆ ನಂಬರ್‌ನ ಒಬ್ಬ ಟೀಚರ್ ಹಣೆಗೆ ಅಂಟಿಸೋ ಮುಂಚೆ ಸ್ವಲ್ಪ ಯೋಚನೆ ಮಾಡಬೇಕು.

ನಮ್ಮ ಪಿ.ಟಿ. ಸರ್ ಕಥೆ ಹೇಳದಿದ್ದರೆ ಅವರು ಬೇಜಾರು ಮಾಡಿಕೊಳ್ತಾರೆ. ಅವರೂ ಗುರಿ ಇಡಬೇಕಿತ್ತು. 600 ಮೀಟರ್ ಓಟದ ಸಮಯ ಕಡಿಮೆ ಮಾಡೋದು ಅಂತ ಇಟ್ಟರು, ಒಳ್ಳೆ ಗುರಿಯೇ. ಆದರೆ ಆ್ಯಪ್‌ಗೆ ನಂಬರ್ ದೊಡ್ಡದಾದರೆ ಮಾತ್ರ ಪ್ರಗತಿ. ವೇಗವಾಗಿ ಓಡಿದ ಮಕ್ಕಳೆಲ್ಲ ಫೇಲ್, ಕಾಲು ನೋವಾಗಿ ನಡೆದುಕೊಂಡು ಬಂದ ಹುಡುಗ ಒಬ್ಬನೇ ಪಾಸ್. ಅದನ್ನ ಸರಿಮಾಡಿಸೋಕೆ ಅವರಿಗೆ ಮೂರು ವಾರ ಹಿಡಿಯಿತು.

ಸಣ್ಣಪುಟ್ಟದ್ದು: ಗುರಿಯನ್ನ ಕನ್ನಡದಲ್ಲಿ ಟೈಪ್ ಮಾಡಿದರೆ ಪಿಡಿಎಫ್‌ನಲ್ಲಿ ಒತ್ತಕ್ಷರ ಎಲ್ಲಾ ಚೌಕ ಚೌಕ. ಮಕ್ಕಳ ವಿವರ ಎಸ್‌ಎಟಿಎಸ್‌ಗೆ (ಸರ್ಕಾರದ ವಿದ್ಯಾರ್ಥಿ ಮಾಹಿತಿ ತಾಣಕ್ಕೆ) ಹಾಕಿದ್ದನ್ನೇ ಇಲ್ಲೂ ಮೊದಲಿಂದ ಹಾಕಬೇಕು. ಫೋನ್‌ನಲ್ಲಿ ಚಾರ್ಟ್ ಪೂರ್ತಿ ಕಾಣಲ್ಲ, ಲ್ಯಾಪ್‌ಟಾಪ್ ಬೇಕು.

ಯಾರಾದರೂ ಆಡಳಿತ ಮಂಡಳಿಯವರು ಇದನ್ನ ಓದುತ್ತಿದ್ದರೆ, ಸಹಿ ಹಾಕೋ ಮುಂಚೆ ಕಂಪನಿಯವರನ್ನ ಕೇಳಿ, ಕೊನೆಯ ಪರೀಕ್ಷೆ ಯಾರು ಮಾಡ್ತಾರೆ, ಯಾರು ತಿದ್ದುತ್ತಾರೆ. ಗೈರಾದ ಮಗುವಿಗೆ ಏನು ಮಾಡ್ತೀರಿ. ಪ್ರಶ್ನೆವಾರು ಚಾರ್ಟ್ ಮಾತ್ರ ಕೊಡಿ, ದರ್ಜೆ ಬೇಡ ಅಂದರೆ ರೇಟ್ ಎಷ್ಟು. ಈ ಕೊನೇದನ್ನ ನಮ್ಮ ಹೆಚ್.ಎಂ. ಕೇಳಿದರು, ನನ್ನ ಒತ್ತಾಯಕ್ಕೆ. ಹಾಗೆ ಬಿಡಿಬಿಡಿಯಾಗಿ ಕೊಡೋದಿಲ್ಲ ಅಂದರಂತೆ.

ನಮ್ಮ ಮಂಡಳಿ ಈ ವರ್ಷವೂ ರಿನ್ಯೂ ಮಾಡಿದೆ. ಆ ಹುಡುಗಿ ಈಗ ಒಂಬತ್ತನೇ ಕ್ಲಾಸು, ಗಣಿತ ನನ್ನದೇ. ಜೂನ್ ಪೇಪರ್ ಈ ಸಲ 25ಕ್ಕಲ್ಲ, 50ಕ್ಕೆ ಮಾಡಿದ್ದೇನೆ, ಎಲ್ಲಾ ಪ್ರಶ್ನೆಗೂ ಎರಡೆರಡು ಅಂಕ, ಕೊಟ್ಟರೆ ಎರಡು, ಇಲ್ಲದಿದ್ದರೆ ಸೊನ್ನೆ. ಆಗ ಯಾರ ಗುರಿಯಲ್ಲೂ ಅರ್ಧ ಅಂಕ ಉಳಿಯೋದಿಲ್ಲ. ಸೋಮವಾರ ಜೆರಾಕ್ಸ್‌ಗೆ ಕೊಡಬೇಕು.